ಸಲಾಯನ್ ಹಚ್ಚಿಬಿಡ್ರಿ ಡಾಕ್ಟರ್ರ: ಮಗುವಿನ ವಾಂತಿ-ಭೇದಿಗೆ ನಾವು ಕೊಳ್ಳುತ್ತಿರುವುದು ಏನನ್ನು?

ಹುಬ್ಬಳ್ಳಿಯ ಯಾವುದಾದರೂ ಮಕ್ಕಳ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಅರ್ಧ ತಾಸು ಕೂತು ನೋಡಿ. ಬೇಸಿಗೆಯ ಕೊನೆಗೆ, ಇಲ್ಲವೇ ಮೊದಲ ಮಳೆ ಬಿದ್ದ ವಾರ ಕೂತರೆ ಇನ್ನೂ ಒಳ್ಳೆಯದು. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಡಾಕ್ಟರ್ರ, ರಾತ್ರಿಯಿಂದ ಎಂಟ್ ಸಲ ಜಾಡಾ ಆಗೇತ್ರಿ. ಕೂಸು ಭಾಳ ನಿತ್ರಾಣ ಆಗೇತಿ. ಒಂದ್ ಸಲಾಯನ್ ಹಚ್ಚಿಬಿಡ್ರಿ." ಕೂಸನ್ನು ಇನ್ನೂ ಯಾರೂ ಮುಟ್ಟಿ ನೋಡಿರುವುದಿಲ್ಲ. ಚಿಕಿತ್ಸೆ ಮಾತ್ರ ಮನೆಯಲ್ಲೇ ತೀರ್ಮಾನ ಆಗಿ ಬಂದಿರುತ್ತದೆ.

ನಾನೂ ಹಾಗೆ ಕೇಳಿದವನೇ. ನನ್ನ ತಮ್ಮನ ಮಗ ಆಗ ಒಂದೂವರೆ ವರ್ಷದವನು, ತೂಕ ಹತ್ತು ಕಿಲೋ. ರಾತ್ರಿ ಮೂರು ಸಲ ವಾಂತಿ, ಏಳೆಂಟು ಸಲ ಭೇದಿ. ಬೆಳಗಾಗುವುದರೊಳಗೆ ಒಂದು ನರ್ಸಿಂಗ್ ಹೋಮಿಗೆ ಒಯ್ದು ದಾಖಲು ಮಾಡಿದೆವು. ಎರಡು ದಿನ ಇದ್ದೆವು. ಬಾಟ್ಲಿ ಏರಿಸಿದರು, ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು, ಜೊತೆಗೊಂದು ಸಿರಪ್, ಒಂದು ಪುಡಿ. ಹುಡುಗ ಆರಾಮಾದ, ಯಾರಿಗೂ ದೂರಿಲ್ಲ. ಆದರೆ ಒಂದು ಚಿತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಎಡಗೈಗೆ ಸೂಜಿ, ಮೇಲೆ ತೂಗುವ ಬಾಟ್ಲಿ, ಆ ಹುಡುಗ ಬಲಗೈಯಲ್ಲಿ ಲೋಟ ಹಿಡಿದು ಗಟಗಟ ನೀರು ಕುಡಿಯುತ್ತಿದ್ದಾನೆ. ಬಾಯಿಂದ ಇಷ್ಟು ಚೆನ್ನಾಗಿ ಕುಡಿಯುವವನಿಗೆ ಕೈಯಿಂದ ಯಾಕೆ ಕುಡಿಸಿದೆವು? ಬಿಲ್ ಕಟ್ಟುವಾಗ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು.

ಮೊದಲು ಕಾಯಿಲೆಯ ಲೆಕ್ಕ ನೋಡೋಣ. ಇದಕ್ಕೆ ಗ್ಯಾಸ್ಟ್ರೋಎಂಟರೈಟಿಸ್ ಅಂತಾರೆ, ಹೊಟ್ಟೆ-ಕರುಳಿನ ಸೋಂಕು. ಚಿಕ್ಕ ಮಕ್ಕಳಲ್ಲಿ ಇದನ್ನು ತರುವುದು ಬಹಳಷ್ಟು ಸಲ ವೈರಸ್, ಅದರಲ್ಲೂ ರೋಟಾವೈರಸ್. ವೈರಸ್‌ಗೆ ಔಷಧ ಇಲ್ಲ, ಬೇಕಾಗಿಯೂ ಇಲ್ಲ. ಅದು ಬಂದ ಹಾಗೆ ಕೆಲವೇ ದಿನದಲ್ಲಿ ಹೋಗುತ್ತದೆ. ಮಗುವಿನ ಜೀವಕ್ಕೆ ಕುತ್ತು ಬರುವುದು ವೈರಸ್‌ನಿಂದ ಅಲ್ಲ, ಅದು ಹರಿಸಿ ಹಾಕುವ ನೀರು-ಉಪ್ಪಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿ ವರ್ಷ ಜಗತ್ತಿನಲ್ಲಿ ಭೇದಿಯಿಂದ ಸಾಯುತ್ತಾರೆ. ಹಾಗಾಗಿ ಚಿಕಿತ್ಸೆ ಅಂದರೆ ಮುಖ್ಯವಾಗಿ ಒಂದೇ ಕೆಲಸ: ಹೋದಷ್ಟು ನೀರು-ಉಪ್ಪನ್ನು ತಿರುಗಿ ಒಳಗೆ ಹಾಕುವುದು. ಯಾವ ದಾರಿಯಿಂದ ಹಾಕುತ್ತೀರಿ ಅನ್ನುವುದೇ ಇಲ್ಲಿನ ಜಗಳ.

ಬಾಯಿಯ ದಾರಿ ಕೆಲಸ ಮಾಡುತ್ತದೆ ಅನ್ನುವುದು ನಂಬಿಕೆಯ ಮಾತಲ್ಲ. ಭೇದಿ ಹತ್ತಿದ ಕರುಳು ಬರೀ ನೀರನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಗ್ಲುಕೋಸ್ ಮತ್ತು ಉಪ್ಪು ಜೊತೆಯಾಗಿ ಬಂದರೆ ಕರುಳಿನ ಗೋಡೆಯಲ್ಲಿ ಎರಡೂ ಒಂದೇ ಬಾಗಿಲಿಂದ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿ ಎಷ್ಟೇ ಜೋರಿದ್ದರೂ ಈ ಬಾಗಿಲು ಬಹುಪಾಲು ತೆರೆದೇ ಇರುತ್ತದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬಣಗಾಂವ್‌ನಲ್ಲಿ ನಿರಾಶ್ರಿತರ ಮಧ್ಯೆ ಕಾಲರಾ ಹಬ್ಬಿತು. ಸಲಾಯನ್ ಬಾಟ್ಲಿ ಸಾಲದಾದಾಗ ದಿಲೀಪ್ ಮಹಲನಬಿಸ್ ಅನ್ನುವ ವೈದ್ಯರು ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಲು ಶುರು ಮಾಡಿದರು. ಶೇಕಡಾ 30ರ ಹತ್ತಿರ ಇದ್ದ ಸಾವು ಅವರ ಶಿಬಿರದಲ್ಲಿ ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದಿದ್ದು ಆಮೇಲೆ, 2023ರಲ್ಲಿ. ಈ ಕತೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ಆ ನೀರನ್ನು ಲೋಟ ಲೋಟ ಕುಡಿಸುತ್ತ ಕೂತವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಗಳ ಮನೆಯವರು.

ನಾನು ಹೇಳಬೇಕು ಅಂತಿರುವುದೂ ಇದನ್ನೇ. ಓಆರ್‌ಎಸ್, ಅಂದರೆ ಆ ಸಕ್ಕರೆ-ಉಪ್ಪಿನ ನೀರನ್ನು ಮಾಡುವ ಪುಡಿ, ಅಗ್ಗ, ಹೌದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪುಡಿ ಅಗ್ಗವಾದರೂ ಅದನ್ನು ಕುಡಿಸುವ ಕೆಲಸ ಅಗ್ಗದ್ದಲ್ಲ. ಲೆಕ್ಕ ಹಾಕಿ ನೋಡಿ. ಸ್ವಲ್ಪ ಮಟ್ಟಿಗೆ ನೀರು ಕಡಿಮೆಯಾದ ಮಗುವಿಗೆ ಕಿಲೋಗೆ 75 ಎಂ.ಎಲ್. ಲೆಕ್ಕದಲ್ಲಿ ನಾಲ್ಕು ತಾಸಿನಲ್ಲಿ ಓಆರ್‌ಎಸ್ ಕುಡಿಸಬೇಕು. ನಮ್ಮ ಹತ್ತು ಕಿಲೋ ಹುಡುಗನಿಗೆ 750 ಎಂ.ಎಲ್. ವಾಂತಿ ಮಾಡುವ ಮಗುವಿಗೆ ಲೋಟ ಎತ್ತಿ ಕುಡಿಸಿದರೆ ಎಲ್ಲಾ ಹೊರಗೆ ಬರುತ್ತದೆ, ಅದಕ್ಕೇ ಚಮಚದಲ್ಲೇ ಆಗಬೇಕು. ಒಂದು ಚಮಚ ಅಂದರೆ 5 ಎಂ.ಎಲ್. ಅಲ್ಲಿಗೆ 150 ಚಮಚ. ನಾಲ್ಕು ತಾಸು ಎಡೆಬಿಡದೆ, ಹೆಚ್ಚೂಕಡಿಮೆ ಒಂದೂವರೆ ನಿಮಿಷಕ್ಕೊಂದು ಚಮಚ. ನಡುವೆ ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು, ಇನ್ನೂ ನಿಧಾನಕ್ಕೆ. ಅದೂ ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿ. ಒಲೆಯ ಮೇಲೆ ಸಾರು, ಬಾಗಿಲಲ್ಲಿ ಶಾಲೆಗೆ ಹೊರಟ ದೊಡ್ಡ ಮಗು, ಹತ್ತಕ್ಕೆ ಗಂಡ ಕೆಲಸಕ್ಕೆ ಹೋಗಬೇಕು, ಮತ್ತು (ಹುಬ್ಬಳ್ಳಿ ಅಲ್ವಾ) ಅವತ್ತೇ ನಳದ ನೀರು ಬರುವ ಸರದಿ.

ಸಲಾಯನ್ ಈ 150 ಚಮಚಗಳ ಬದಲಿಗೆ ಬರುತ್ತದೆ. ಸೂಜಿ ಚುಚ್ಚಿದರೆ ಮುಗಿಯಿತು, ಬಾಟ್ಲಿ ತನ್ನಷ್ಟಕ್ಕೆ ಇಳಿಯುತ್ತದೆ, ತಾಯಿ ಅಲ್ಲೇ ಮಂಚದ ತುದಿಗೆ ಒರಗಿ ಕಣ್ಣು ಮುಚ್ಚಬಹುದು. ನಾವು ಕೊಳ್ಳುವುದು ಔಷಧವನ್ನಲ್ಲ, ಮಗುವಿನ ಹತ್ತಿರ ನಾಲ್ಕು ತಾಸು ಕೂರುವ ಒಬ್ಬರನ್ನು. ಅದರ ಮೇಲೆ ಒಂದು ಪುರಾವೆಯೂ ಸಿಗುತ್ತದೆ. ಊರಿಂದ ಫೋನ್ ಮಾಡಿದ ಅತ್ತೆಗೆ "ಎರಡ್ ಬಾಟ್ಲಿ ಏರಿಸ್ಯಾರ್ರಿ" ಅಂದರೆ ಮಗುವಿಗೆ ಏನೋ ಮಾಡಿದ ಹಾಗೆ. "ಚಮಚದಾಗ ನೀರ್ ಕುಡಿಸಾಕತ್ತೀವ್ರಿ" ಅಂದರೆ ಏನೂ ಮಾಡದೆ ಕೂತ ಹಾಗೆ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಇದನ್ನು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಎಷ್ಟು ಜನ 150 ಚಮಚ ಕುಡಿಸಿದ್ದಾರೆ?

ಹಾಗಾದರೆ ಡಾಕ್ಟರುಗಳು ಯಾಕೆ ಬೇಡ ಅನ್ನುವುದಿಲ್ಲ? ದುಡ್ಡಿಗಾಗಿ ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಸಾಕ್ಷಿ ಇದೆ, ಸಲಾಯನ್ ಬಗ್ಗೆ ಅಲ್ಲ, ಓಆರ್‌ಎಸ್ ಬರೆಯುವುದರ ಬಗ್ಗೆ. ಕರ್ನಾಟಕ ಮತ್ತು ಬಿಹಾರದ 253 ಮಧ್ಯಮ ಗಾತ್ರದ ಊರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರ ಮತ್ತು ಔಷಧ ಕೊಡುವವರ ಬಳಿಗೆ ಸಂಶೋಧಕರು ತಮ್ಮ ಜನರನ್ನು ಕಳಿಸಿದರು. ಅವರು ಎರಡು ವರ್ಷದ ಮಗುವಿಗೆ ಭೇದಿ ಆಗಿದೆ ಅಂತ ಹೇಳಿಕೊಂಡು ಹೋದ ನಟರು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಓಆರ್‌ಎಸ್ ಬರೆಯದೇ ಇರುವುದಕ್ಕೆ ಹಣದ ಆಸೆ ಕಾರಣವಾಗಿದ್ದು ಬರೀ ಶೇಕಡಾ 5ರಷ್ಟು, ಅಂಗಡಿಯಲ್ಲಿ ಓಆರ್‌ಎಸ್ ಇಲ್ಲದಿರುವುದು ಶೇಕಡಾ 6. ಶೇಕಡಾ 42ರಷ್ಟು ಕಾರಣ ಬೇರೆಯೇ: ಈ ಜನಕ್ಕೆ ಓಆರ್‌ಎಸ್ ಬೇಕಾಗಿಲ್ಲ ಅಂತ ವೈದ್ಯರು ಅಂದುಕೊಂಡಿರುವುದು. ಬಂದವರು ತಾವಾಗಿ ಓಆರ್‌ಎಸ್ ಬೇಕು ಅಂದಾಗ ಅದನ್ನು ಬರೆಯುವವರ ಪ್ರಮಾಣ ಶೇಕಡಾ 27 ಅಂಶದಷ್ಟು ಏರಿತು. ಅಂದರೆ ಡಾಕ್ಟರು ನಮ್ಮ ಮನಸ್ಸನ್ನು ಊಹಿಸುತ್ತಾರೆ, ನಾವು ಅವರು ಕೊಟ್ಟಿದ್ದೇ ಸರಿ ಅಂದುಕೊಳ್ಳುತ್ತೇವೆ. ಇಬ್ಬರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ತಪ್ಪಾಗಿ ಓದುತ್ತಿದ್ದೇವೆ. ನನ್ನ ತಮ್ಮನ ಮಗನ ವಿಷಯದಲ್ಲೂ ಬಾಟ್ಲಿಯ ಮಾತು ಮೊದಲು ತೆಗೆದವನು ನಾನೇ, ಡಾಕ್ಟರಲ್ಲ.

ದುಡ್ಡಿನ ಪಾತ್ರ ಪೂರ್ತಿ ಇಲ್ಲ ಅನ್ನುತ್ತಿಲ್ಲ. ಅದು ಇನ್ನೊಂದು ಬಾಗಿಲಿಂದ ಬರುತ್ತದೆ, ವಿಮೆಯ ಬಾಗಿಲಿಂದ. ಆರೋಗ್ಯ ವಿಮೆಯಲ್ಲಿ ದಾಖಲಾತಿ ಅನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ 24 ತಾಸು ಒಳರೋಗಿಯಾಗಿ ಇರಬೇಕು. ಈಗ ಈ ಕಾಯಿಲೆಯನ್ನು ಅದರ ಪಕ್ಕ ಇಟ್ಟು ನೋಡಿ. ಬಹುಪಾಲು ಮಕ್ಕಳಿಗೆ ಬೇಕಾದದ್ದು ನಾಲ್ಕರಿಂದ ಆರು ತಾಸು ಒಬ್ಬ ನರ್ಸಿನ ಕಣ್ಣೆದುರು ಕೂತು ಓಆರ್‌ಎಸ್ ಕುಡಿಯುವುದು, ಕಡೆಗೆ ಇನ್ನೊಂದು ಸಲ ಪರೀಕ್ಷೆ, ಆಮೇಲೆ ಮನೆ. ಹೊರರೋಗಿ ವಿಭಾಗದ ಐದು ನಿಮಿಷಕ್ಕೂ ಇದು ಹೊಂದುವುದಿಲ್ಲ, ವಿಮೆಯ 24 ತಾಸಿಗೂ ಹೊಂದುವುದಿಲ್ಲ. ಹಾಗಾಗಿ ಮಗುವನ್ನು ಸುಮ್ನೆ ಮನೆಗೆ ಕಳಿಸುತ್ತಾರೆ, ಇಲ್ಲ ಒಂದು ರಾತ್ರಿ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಂಡ ಮೇಲೆ ಕೇಸ್ ಪೇಪರಿನಲ್ಲಿ ಏನಾದರೂ ಕಾಣಬೇಕಲ್ಲ, ಓಆರ್‌ಎಸ್ ಕುಡಿಸಿದೆವು ಅಂತ ಬರೆದರೆ "ಇದಕ್ಕೆ ದಾಖಲಾತಿ ಯಾಕೆ ಬೇಕಿತ್ತು" ಅಂತ ವಿಮೆಯವರು ಕೇಳುತ್ತಾರೆ. ಬಾಟ್ಲಿ ಏರಿಸಿದ್ದರೆ ಆ ಪ್ರಶ್ನೆ ಅಷ್ಟು ಬೇಗ ಬರುವುದಿಲ್ಲ.

ಸರ್ಕಾರಿ ಕಡೆ ಇದಕ್ಕೊಂದು ಉತ್ತರ ಕಾಗದದ ಮೇಲೆ ಇದೆ. 2014ರಿಂದ ಪ್ರತಿ ಮಳೆಗಾಲಕ್ಕೆ ಭೇದಿ ನಿಯಂತ್ರಣ ಅಭಿಯಾನ ನಡೆಯುತ್ತದೆ, ಆಶಾ ಕಾರ್ಯಕರ್ತೆಯರು ಚಿಕ್ಕ ಮಕ್ಕಳಿರುವ ಮನೆಗೆ ಓಆರ್‌ಎಸ್ ಪೊಟ್ಟಣ ಹಂಚುತ್ತಾರೆ, ಆಸ್ಪತ್ರೆಗಳಲ್ಲಿ ಓಆರ್‌ಎಸ್-ಝಿಂಕ್ ಕಾರ್ನರ್ ಇರಬೇಕು ಅನ್ನುತ್ತದೆ ನಿಯಮ. ನಾನು ನೋಡಿದ ಎರಡು ಕಡೆ ಕಾರ್ನರ್ ಅಂದರೆ ಒಂದು ಟೇಬಲ್, ಮೇಲೊಂದು ಜಗ್ಗು, ಗೋಡೆಗೊಂದು ಪೋಸ್ಟರ್. ಕುರ್ಚಿ ಇರಲಿಲ್ಲ. ನಾಲ್ಕು ತಾಸು ಕೂರಬೇಕಾದ ಕಡೆ ಕುರ್ಚಿಯೇ ಇಲ್ಲದಿದ್ದರೆ ಅದನ್ನು ಯಾರು ನಂಬುತ್ತಾರೆ? ಒಂದು ಫ್ಯಾನು, ಆರು ಕುರ್ಚಿ, ಪಕ್ಕದಲ್ಲಿ ತೊಳೆಯಲು ನೀರಿರುವ ಪಾಯಿಖಾನೆ, ಅರ್ಧ ತಾಸಿಗೊಮ್ಮೆ ಬಂದು "ಎಷ್ಟ್ ಕುಡೀತವಾ ಕೂಸು?" ಅಂತ ಕೇಳುವ ಒಬ್ಬ ನರ್ಸ್. ಇಷ್ಟಿದ್ದರೆ ಸಲಾಯನ್ ಸ್ಟ್ಯಾಂಡುಗಳ ಅರ್ಧ ಕೆಲಸ ಮುಗಿಯುತ್ತದೆ ಅಂತ ನನಗನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಅಪಾಯದ ಲೇಖನ ಆಗುತ್ತದೆ. ಕೆಲವು ಮಕ್ಕಳಿಗೆ ಸಲಾಯನ್ ಬೇಕೇ ಬೇಕು, ಅದೂ ತಡಮಾಡದೆ. ನಮ್ಮಲ್ಲಿ ಬೇಡದವರಿಗೆ ಬಾಟ್ಲಿ ಬೇಗ ಸಿಗುತ್ತದೆ, ಬೇಕಾದವರು ತಡವಾಗಿ ಬರುತ್ತಾರೆ.

ಎಷ್ಟು ಸಲ ಭೇದಿ ಆಯಿತು ಅನ್ನುವುದರ ಮೇಲೆ ಇದು ತೀರ್ಮಾನ ಆಗುವುದಿಲ್ಲ. ಹತ್ತು ಸಲ ಹೋಗಿಯೂ ಆಟ ಆಡುವ ಮಗು ಇರುತ್ತದೆ, ಐದು ಸಲಕ್ಕೆ ಕಣ್ಣು ಗುಳಿ ಬೀಳುವ ಮಗುವೂ ಇರುತ್ತದೆ. ಡಾಕ್ಟರು ನೋಡುವುದು ನಾಲ್ಕೇ ಸಂಗತಿ. ಮಗು ಹೇಗಿದೆ, ಕಣ್ಣು ಹೇಗಿವೆ, ಕುಡಿಯುತ್ತದಾ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆ. ಕಿರಿಕಿರಿ ಮಾಡುತ್ತ, ಲೋಟ ಕಂಡರೆ ಜಗ್ಗಿ ಜಗ್ಗಿ ಕುಡಿಯುವ ಮಗುವಿಗೆ ನೀರು ಕಡಿಮೆಯಾಗಿದೆ, ಆದರೆ ಅದು ಚಮಚದ ಗಿರಾಕಿ. ಕಿರಿಕಿರಿ ನಿಂತು, ಮೈ ಬಿಟ್ಟುಕೊಂಡು, ಕರೆದರೆ ಕಣ್ಣು ತೆರೆಯದ, ಬಾಯಿಗೆ ನೀರಿಟ್ಟರೆ ನುಂಗದ, ಚಿವುಟಿದ ಚರ್ಮ ಎರಡು ಸೆಕೆಂಡಾದರೂ ಹಾಗೇ ಮಡಚಿ ನಿಲ್ಲುವ ಮಗುವಿಗೆ ಹೊತ್ತಿಲ್ಲ. ಇದರಲ್ಲಿ ಒಂದು ಮೋಸ ಇದೆ, ತಂದೆ-ತಾಯಿ ಇಲ್ಲೇ ತಪ್ಪುವುದು: ಅಳುತ್ತಿದ್ದ ಕೂಸು ಸುಮ್ಮನಾದಾಗ "ಈಗ ಆರಾಮ್ ಮಲಗೇತಿ" ಅನ್ನಿಸುತ್ತದೆ. ಆರಾಮಾಗಿ ಮಲಗಿದ್ದು ಬೇರೆ, ಎಚ್ಚರ ತಪ್ಪುತ್ತಿರುವುದು ಬೇರೆ. ಎಬ್ಬಿಸಿ ನೋಡಬೇಕು.

ಉಚ್ಚೆ ಎಷ್ಟು ಸಲ ಹೋಯಿತು ಅಂತಲೂ ಕೇಳುತ್ತಾರೆ. ಆರೆಂಟು ತಾಸು ಹೋಗಿಲ್ಲ ಅಂದರೆ ಅದು ಗಂಭೀರ. ಆದರೆ ಈಗ ಎಲ್ಲ ಮಕ್ಕಳಿಗೂ ಡೈಪರ್. ನೀರಿನಂತಹ ಭೇದಿಯಲ್ಲಿ ಉಚ್ಚೆ ಯಾವುದು, ಭೇದಿ ಯಾವುದು, ಗೊತ್ತೇ ಆಗುವುದಿಲ್ಲ. ಆ ಎರಡು ದಿನ ಡೈಪರ್ ಬಿಟ್ಟು ಹಳೆ ಧೋತರದ ತುಂಡು ಕಟ್ಟುವುದೇ ಚಲೋ. ನಮ್ಮ ಅಜ್ಜಿಯರು ನೋಡುತ್ತಿದ್ದ ಒಂದು ಗುರುತು ನಿಜವಾದದ್ದು: "ನೆತ್ತಿ ಕುಳಿ ಬಿದ್ದೈತಿ." ಎಳೆ ಕೂಸಿನ ನೆತ್ತಿ ಒಳಗೆ ಹೋಗುವುದು ನೀರು ಕಡಿಮೆಯಾದದ್ದರ ಲಕ್ಷಣವೇ. ಗುರುತು ಸರಿ, ಮದ್ದು ತಪ್ಪು. ನೆತ್ತಿಗೆ ಎಣ್ಣೆ ಒತ್ತಿದರೆ ಕುಳಿ ತುಂಬುವುದಿಲ್ಲ, ಒಳಗೆ ನೀರು ಹೋದರೆ ತುಂಬುತ್ತದೆ.

ಇವಲ್ಲದೆ ಕೆಲವು ಮಕ್ಕಳನ್ನು ಲಕ್ಷಣಕ್ಕೆ ಕಾಯದೆ ಒಯ್ಯಬೇಕು. ಎರಡು-ಮೂರು ತಿಂಗಳ ಒಳಗಿನ ಕೂಸು. ಹಸಿರು ಬಣ್ಣದ ವಾಂತಿ. ಭೇದಿಯಲ್ಲಿ ರಕ್ತ. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು. ಝಟಕಾ (ಫಿಟ್ಸ್) ಬರುವುದು. ಎಳೆ ಕೂಸು ಕಾಲು ಮಡಚಿಕೊಂಡು ಚೀರುವುದು, ನಡುವೆ ಸುಮ್ಮನಾಗುವುದು, ಮತ್ತೆ ಚೀರುವುದು, ಭೇದಿಯಲ್ಲಿ ಕೆಂಪು ಲೋಳೆ ಹೋಗುವುದು. ಇದು ಕರುಳು ಕರುಳೊಳಗೆ ಸಿಕ್ಕಿಕೊಂಡದ್ದಿರಬಹುದು, ಓಆರ್‌ಎಸ್‌ನಿಂದಲೂ ಸಲಾಯನ್‌ನಿಂದಲೂ ಬಗೆಹರಿಯುವುದಿಲ್ಲ, ಸರ್ಜನ್ ನೋಡಬೇಕು. ಮೊದಲೇ ಬಹಳ ಸೊರಗಿದ ಮಗು, ಪಾದ ಬಾತುಕೊಂಡ ಮಗು ಇದ್ದರೆ ಅದು ಇನ್ನೊಂದೇ ಲೆಕ್ಕ. ಅಂಥ ಮಗುವಿಗೆ ಜೋರಾಗಿ ಬಾಟ್ಲಿ ಏರಿಸಿದರೆ ಹೃದಯ ತಡೆಯದೇ ಹೋಗಬಹುದು. ಅಲ್ಲಿ "ಹಚ್ಚಿಬಿಡ್ರಿ" ಅಂತ ಹಟ ಹಿಡಿಯುವುದು ಮಗುವಿಗೆ ಮಾಡುವ ಅನ್ಯಾಯ.

ನಿಜವಾಗಿ ಬೇಕಾದಾಗ ಸಲಾಯನ್ ಹೇಗೆ ಹೋಗಬೇಕು ಗೊತ್ತಾ? ಕಿಲೋಗೆ 100 ಎಂ.ಎಲ್. ಒಂದು ವರ್ಷ ದಾಟಿದ ಹತ್ತು ಕಿಲೋ ಮಗುವಿಗೆ ಮೊದಲ ಅರ್ಧ ತಾಸಿನಲ್ಲೇ 300 ಎಂ.ಎಲ್., ಆಮೇಲೆ ಎರಡೂವರೆ ತಾಸಿನಲ್ಲಿ 700. ಒಂದು ವರ್ಷದೊಳಗಿನ ಕೂಸಿಗೆ ಇದೇ ಪ್ರಮಾಣ ಆರು ತಾಸಿನಲ್ಲಿ. ಅಂದರೆ ಓಡೋಡಿ ತುಂಬಿಸುವ ಕೆಲಸ ಇದು. ರಾತ್ರಿಯಿಡೀ ಹನಿ ಹನಿ ಇಳಿಯುವ, ಎಲ್ಲರೂ ಮೊಬೈಲ್ ನೋಡುತ್ತ ಕೂರುವ ಬಾಟ್ಲಿ ಬಹಳ ಸಲ ಬೇಕಿಲ್ಲದ ಬಾಟ್ಲಿಯೇ ಆಗಿರುತ್ತದೆ. ಇನ್ನೊಂದು ವಿಷಯ, ನಾವು ಎಲ್ಲಕ್ಕೂ "ಗ್ಲುಕೋಸ್ ಬಾಟ್ಲಿ" ಅನ್ನುತ್ತೇವೆ. ಈ ಕಾಯಿಲೆಗೆ ಬೇಕಾದದ್ದು ರಿಂಗರ್ ಲ್ಯಾಕ್ಟೇಟ್, ಆಸ್ಪತ್ರೆಯವರ ಮಾತಿನಲ್ಲಿ ಆರ್‌ಎಲ್. ಅದಿಲ್ಲದಿದ್ದರೆ ನಾರ್ಮಲ್ ಸಲಾಯನ್. ಬರೀ ಗ್ಲುಕೋಸ್ ನೀರಿನಲ್ಲಿ ಉಪ್ಪೇ ಇಲ್ಲ, ಮಗು ಕಳೆದುಕೊಂಡದ್ದನ್ನು ಅದು ತುಂಬಿಕೊಡುವುದಿಲ್ಲ. "ಶಕ್ತಿ ಬರಲಿ" ಅಂತ ಹಳ್ಳಿ ಕಡೆ ಏರಿಸುವ ಬಾಟ್ಲಿ ಹೆಚ್ಚಾಗಿ ಇದೇ.

ದೂರದ ಪ್ರಶ್ನೆಯೂ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇರುವವರಿಗೆ ಕಿಮ್ಸ್ ಇದೆ (ಈಗ ಅದರ ಹೆಸರು ಕೆಎಂಸಿಆರ್‌ಐ, ಆದರೆ ಆಟೋದವರಿಗೆ ಕಿಮ್ಸ್ ಅಂದರೇ ತಿಳಿಯುವುದು), ಧಾರವಾಡಕ್ಕೆ ಜಿಲ್ಲಾ ಆಸ್ಪತ್ರೆ ಇದೆ, ಗದಗದಲ್ಲೂ ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಆದರೆ ಮುಂಡರಗಿಯ ಆಚೆಯ ತಾಂಡಾದಿಂದ, ಹಾನಗಲ್ ಕಡೆಯ ಹಳ್ಳಿಯಿಂದ ಹೊರಟವರಿಗೆ ದಾರಿಯೇ ಎರಡು ತಾಸು. ದಾರಿಯಲ್ಲಿ ಮಗುವಿಗೆ ಏನೂ ಕೊಡಬಾರದು, ಖಾಲಿ ಹೊಟ್ಟೆಯಲ್ಲೇ ಒಯ್ಯಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ಉಲ್ಟಾ. ನುಂಗುವಷ್ಟು ಎಚ್ಚರ ಇರುವ ಮಗುವಿಗೆ 108ರ ಆಂಬ್ಯುಲೆನ್ಸಿನಲ್ಲೂ, ಬಸ್ಸಿನಲ್ಲೂ, ಬೈಕಿನ ಹಿಂದೆ ಕೂತಾಗಲೂ ಚಮಚ ನಿಲ್ಲಬಾರದು. ರಕ್ತನಾಳ ಸಿಗದೆ ಸಲಾಯನ್ ಹಚ್ಚಲು ಆಗದ ಕಡೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಅದರಲ್ಲಿ ಓಆರ್‌ಎಸ್ ಬಿಡುವುದೂ ಒಪ್ಪಿತವಾದ ಚಿಕಿತ್ಸೆ. ಅದನ್ನು ಕಂಡರೆ ಮನೆಯವರು ಹೆದರಿ ಜಗಳ ತೆಗೆಯುತ್ತಾರೆ. ಸೂಜಿಗೆ ಒಪ್ಪುವವರು ನಳಿಗೆಗೆ ಒಪ್ಪುವುದಿಲ್ಲ.

ಬಿಲ್ಲಿನ ಉಳಿದ ಸಾಲುಗಳನ್ನು ಬೇಗ ಮುಗಿಸುತ್ತೇನೆ. ಆಂಟಿಬಯಾಟಿಕ್ ಬೇಕಾಗುವುದು ರಕ್ತಭೇದಿಗೆ, ಕಾಲರಾಕ್ಕೆ, ಮತ್ತೆ ಕೆಲವು ವಿಶೇಷ ಸಂದರ್ಭಕ್ಕೆ. ನೀರಿನಂತಹ ಸಾಮಾನ್ಯ ಭೇದಿಗೆ ಅದರಿಂದ ಲಾಭವಿಲ್ಲ, ಕೆಲವು ಸಲ ಅದರಿಂದಲೇ ಭೇದಿ ಜಾಸ್ತಿ ಆಗುತ್ತದೆ. ದೊಡ್ಡವರು ಬಸ್ ಹತ್ತುವ ಮೊದಲು ನುಂಗುವ ಭೇದಿ ನಿಲ್ಲಿಸುವ ಗುಳಿಗೆ ಇದೆಯಲ್ಲ, ಅದನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬಬಹುದು. ವಾಂತಿ ಬಹಳ ಇದ್ದಾಗ ಡಾಕ್ಟರು ಒಂದು ಡೋಸ್ ಒಂಡಾನ್ಸೆಟ್ರಾನ್ ಕೊಡುತ್ತಾರೆ, ಅದು ಕೆಲಸದ ಔಷಧ. ವಾಂತಿ ನಿಂತರೆ ಚಮಚಕ್ಕೆ ದಾರಿ ಆಗುತ್ತದೆ, ದಾಖಲಾತಿ ತಪ್ಪಿದರೂ ತಪ್ಪಬಹುದು.

ಝಿಂಕ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳ ಕೂಸಿಗೆ 10 ಮಿ.ಗ್ರಾಂ., ಹದಿನಾಲ್ಕು ದಿನ. ಭೇದಿ ಬೇಗ ನಿಲ್ಲುತ್ತದೆ, ಮುಂದಿನ ಎರಡು-ಮೂರು ತಿಂಗಳು ಮತ್ತೆ ಬರುವುದೂ ಕಡಿಮೆ. ಆದರೆ ನಾಲ್ಕನೇ ದಿನಕ್ಕೆ ಭೇದಿ ನಿಂತಿರುತ್ತದೆ, ಉಳಿದ ಹತ್ತು ಗುಳಿಗೆ ಫ್ರಿಜ್ಜಿನ ಮೇಲೆ ಉಳಿದಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು ಶೇಕಡಾ 61 ಮಕ್ಕಳಿಗೆ, ಝಿಂಕ್ ಸಿಕ್ಕಿದ್ದು ಬರೀ ಶೇಕಡಾ 31ರಷ್ಟು ಮಕ್ಕಳಿಗೆ.

ಓಆರ್‌ಎಸ್ ಸಿಕ್ಕಿತು ಅಂದಮಾತ್ರಕ್ಕೆ ಸರಿಯಾಗಿ ಕಲಸಿದರು ಅಂತಲ್ಲ. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಇರುತ್ತದೆ, ಅದು ಪೂರ್ತಿ ಒಂದು ಲೀಟರ್ ನೀರಿಗೆ. ಒಂದೇ ಲೋಟಕ್ಕೆ ಸುರಿದು "ಸ್ಟ್ರಾಂಗ್" ಮಾಡಿ ಕುಡಿಸಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಕೆಡುಕಾಗುತ್ತದೆ. ದಿನಕ್ಕೊಂದು ಚಿಟಿಕೆ ಅಂತ ಔಷಧದ ಹಾಗೆ ಹಾಕುವವರನ್ನೂ ನೋಡಿದ್ದೇನೆ. ಒಂದು ಲೀಟರಿನ ಬಾಟ್ಲಿಗೆ ಇಡೀ ಪೊಟ್ಟಣ ಹಾಕಬೇಕು, ಕಲಸಿದ ಮೇಲೆ ಕುದಿಸಬಾರದು, 24 ತಾಸು ಆದಮೇಲೆ ಉಳಿದದ್ದನ್ನು ಚೆಲ್ಲಬೇಕು. ಮತ್ತೆ ಆ ಹಣ್ಣಿನ ರುಚಿಯ ಟೆಟ್ರಾ ಪ್ಯಾಕುಗಳು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೊಡಿ ಅಂದರೆ ವರ್ಷಗಟ್ಟಲೆ ನಮ್ಮ ಕೈಗೆ ಬರುತ್ತಿದ್ದದ್ದು ಅವೇ. ಅವುಗಳಲ್ಲಿ ಸಕ್ಕರೆ ಹಲವು ಪಟ್ಟು ಜಾಸ್ತಿ, ಉಪ್ಪು ಕಡಿಮೆ. ಸಕ್ಕರೆ ಹೆಚ್ಚಾದರೆ ಕರುಳು ನೀರು ಹೀರುವ ಬದಲು ಬಿಟ್ಟುಕೊಡುತ್ತದೆ, ಭೇದಿ ಏರುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಾನುಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಕೂಡದು ಅಂತ ಆದೇಶ ಮಾಡಿತು. ಕೊಳ್ಳುವಾಗ ಈಗಲೂ ಪೊಟ್ಟಣ ತಿರುಗಿಸಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ.

ಊಟ ನಿಲ್ಲಿಸುವುದೂ ಬೇಡ. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು ನಡೆಯುತ್ತಲೇ ಇರಬೇಕು. ದೊಡ್ಡ ಮಗುವಿಗೆ ಮೆತ್ತನ್ನ ಅನ್ನ, ಮೊಸರು, ಬ್ಯಾಳಿ ಕಟ್ಟು, ಬಾಳೆಹಣ್ಣು. ಹೊಟ್ಟೆಗೆ ವಿಶ್ರಾಂತಿ ಅಂತ ಎರಡು ದಿನ ಚಹಾ-ಬಿಸ್ಕತ್ತಿನ ಮೇಲೆ ಇಟ್ಟರೆ ಮಗು ಸೊರಗುತ್ತದೆ, ಸೊರಗಿದ ಮಗುವಿಗೆ ಮುಂದಿನ ಭೇದಿ ಇನ್ನೂ ಜೋರು. "ಹಲ್ಲು ಬರಾಕತ್ತಾವ, ಅದಕ್ಕ ಜಾಡಾ" ಅನ್ನುವುದನ್ನೂ ಬಿಡಬೇಕು. ಹಲ್ಲು ಬರುವ ವಯಸ್ಸೂ, ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸೂ ಒಂದೇ, ಅಷ್ಟೇ.

ಇದೆಲ್ಲ ಶುರುವಾಗುವುದು ಎಲ್ಲಿಂದ? ರೋಟಾವೈರಸ್ ಮಟ್ಟಿಗೆ ಲಸಿಕೆ ಬಂದಿದೆ. ದೇಶದಲ್ಲಿ 2016ರಲ್ಲಿ ಶುರುವಾಗಿ 2019ರ ಹೊತ್ತಿಗೆ ನಮ್ಮ ರಾಜ್ಯಕ್ಕೂ ಬಂತು. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ, ಪುಕ್ಕಟೆ. ಪೂರ್ತಿ ತಡೆಯುವುದಿಲ್ಲ, ಜೋರಾಗುವುದನ್ನು ಅರ್ಧಕ್ಕರ್ಧ ತಡೆಯುತ್ತದೆ. ಉಳಿದದ್ದಕ್ಕೆ ನೀರಿನ ಕಡೆ ನೋಡಬೇಕು, ಮತ್ತು ಇಲ್ಲಿ ನಮ್ಮ ಊರು ಜಗತ್ತಿಗೇ ಒಂದು ಪಾಠ ಆಗಿದೆ, ನಮಗೇ ಗೊತ್ತಿಲ್ಲ.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಸುಮಾರು 2008ರಿಂದ 24 ತಾಸು ನೀರು ಬಂತು, ಉಳಿದ ವಾರ್ಡುಗಳಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬಿಡುವುದು ಮುಂದುವರಿಯಿತು. ಒಂದೇ ಊರು, ಒಂದೇ ಮೂಲದ ನೀರು, ಎರಡು ಪದ್ಧತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದು ಎರಡನ್ನೂ ಹೋಲಿಸಿದರು. ದಿನ ಬಿಟ್ಟು ಬರುವ ನಳಗಳ ನೀರಿನ ಮಾದರಿಗಳಲ್ಲಿ ಶೇಕಡಾ 32ರ ಹತ್ತಿರ ಮಲದ ಗುರುತಾದ ಇ-ಕೊಲಿ ಬ್ಯಾಕ್ಟೀರಿಯಾ ಸಿಕ್ಕಿತು, 24 ತಾಸಿನ ನಳಗಳಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಕಾರಣ ಸರಳ. ಪೈಪು ಖಾಲಿ ಬಿದ್ದಾಗ ಒತ್ತಡ ಇರುವುದಿಲ್ಲ, ಪಕ್ಕದ ಗಟಾರದ ನೀರು ಬಿರುಕಿನಿಂದ ಒಳಗೆ ನುಸುಳುತ್ತದೆ, ಮೇಲೆ ನಾವು ಮೋಟರ್ ಹಚ್ಚಿ ಜಗ್ಗುತ್ತೇವೆ. ನೀರು ಬಿಟ್ಟ ಕೂಡಲೇ ಬರುವ ಮೊದಲ ಕೊಡ ಎಲ್ಲಕ್ಕಿಂತ ಕೊಳಕು.

ಹಾಗಾದರೆ 24 ತಾಸು ನೀರು ಬಂದ ವಾರ್ಡಿನ ಮಕ್ಕಳಿಗೆ ಭೇದಿ ನಿಂತಿತಾ? 2015ರಲ್ಲಿ ಬಂದ ಉತ್ತರ ಸ್ವಲ್ಪ ಕಸಿವಿಸಿಯದು. ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಮಕ್ಕಳ ರಕ್ತಭೇದಿ ಶೇಕಡಾ 37ರಷ್ಟು ಕಡಿಮೆ, ವಿಷಮಶೀತ ಜ್ವರ ಬಂದಿತ್ತು ಅಂದ ಮನೆಗಳು ಶೇಕಡಾ 42ರಷ್ಟು ಕಡಿಮೆ. ನನಗೆ ಇದು ಅರ್ಥವಾಗುವುದು ಹೀಗೆ: ನಳದಲ್ಲಿ ಶುದ್ಧವಾಗಿ ಬಂದ ನೀರನ್ನೂ ನಾವು ಬ್ಯಾರಲ್ಲಿಗೆ ತುಂಬಿ, ಕೊಡಕ್ಕೆ ಹಾಕಿ, ಅದರೊಳಗೆ ಕೈಸಮೇತ ತಂಬಿಗೆ ಅದ್ದುತ್ತೇವೆ. ವೈರಸ್ಸುಗಳಿಗೆ ನೀರೇ ಬೇಕಿಲ್ಲ, ಮಗುವಿನ ಕುಂಡಿ ತೊಳೆದು ಹಾಗೇ ರೊಟ್ಟಿ ಮುರಿದುಕೊಟ್ಟ ಕೈ ಸಾಕು. ಆದರೆ ಜ್ವರ, ರಕ್ತಭೇದಿ ತಂದು ಮಗುವನ್ನು ನಿಜವಾಗಿ ವಾರ್ಡಿಗೆ ಮಲಗಿಸುವ ಕಾಯಿಲೆಗಳಲ್ಲಿ ಪೈಪಿನ ಪಾತ್ರ ದೊಡ್ಡದು. ಪಾಲಿಕೆಯವರು ರಸ್ತೆ ಅಗೆದಾಗಲೆಲ್ಲ ನಾನು ಬೈಯುತ್ತಿದ್ದೆ, ಈ ಲೆಕ್ಕ ಓದಿದ ಮೇಲೆ ಸ್ವಲ್ಪ ಕಡಿಮೆ ಬೈಯುತ್ತೇನೆ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯವರು ರಾತ್ರಿ ಹತ್ತಕ್ಕೆ ಬಾಗಿಲು ಬಡಿದರು. ಮೊಮ್ಮಗಳು, ಎರಡು ವರ್ಷ, ಮಧ್ಯಾಹ್ನದಿಂದ ವಾಂತಿ-ಭೇದಿ. ಕಿರಿಕಿರಿ ಮಾಡುತ್ತಿದ್ದಳು, ಲೋಟ ಕಂಡರೆ ಕೈ ಚಾಚುತ್ತಿದ್ದಳು. ಸಂಜೆ ತೋರಿಸಿಕೊಂಡು ಬಂದಿದ್ದರು, ಡಾಕ್ಟರು ಓಆರ್‌ಎಸ್ ಅಂದಿದ್ದರು, ಇವರು ಮೂರು ಚಮಚ ಕುಡಿಸಿ, ವಾಂತಿ ಆಯಿತು ಅಂತ ನಿಲ್ಲಿಸಿದ್ದರು. ಸರದಿ ಹಾಕಿಕೊಂಡೆವು. ಅರ್ಧ ತಾಸು ಅಜ್ಜಿ, ಅರ್ಧ ತಾಸು ತಾಯಿ, ಅರ್ಧ ತಾಸು ನನ್ನ ಹೆಂಡತಿ, ಗಡಿಯಾರ ನೋಡಿ ಕೂಗುವ ಕೆಲಸ ನನ್ನದು. ಎರಡು ಸಲ ವಾಂತಿ ಆಯಿತು, ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದೆವು. ಎರಡು ಗಂಟೆಗೆ ಹುಡುಗಿ ಉಚ್ಚೆ ಮಾಡಿದಳು, ಬ್ಯಾಳಿ ಅನ್ನ ಕೇಳಿದಳು, ನನ್ನ ಕನ್ನಡಕ ಕಿತ್ತುಕೊಂಡಳು. ಅಜ್ಜಿ ಅವಳನ್ನು ಹೆಗಲಿಗೆ ಹಾಕಿಕೊಂಡು ಎದ್ದರು, ಬಾಗಿಲ ತನಕ ಹೋಗಿ ತಿರುಗಿದರು.

"ಆರಾಮ್ ಆದ್ಲು ಬಿಡ್ರಿ. ಆದ್ರೂ ಮುಂಜಾನೆ ಒಂದ್ ಸಲಾಯನ್ ಹಚ್ಚಿಸ್ಕೊಂಡ್ ಬರೂಣಲ್ರೀ?"